ಖರ್ಜೂರದ ತೋಟದಲ್ಲಿ ಕೌಜುಗ

ದುಬೈಗೆ ಹೋಗಿ ಬಂದವರನ್ನು ನಮ್ಮ ಗದಗಿನಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ಬಂಗಾರ ಎಷ್ಟು ತಂದಿ, ಟೇಪ್ ರೆಕಾರ್ಡರ್ ಯಾವ ಕಂಪನಿದು. ನಾನು ಬಂಗಾರ ತರಲಿಲ್ಲ, ಟೇಪ್ ರೆಕಾರ್ಡರ್ ತರಲಿಲ್ಲ. ಸಿಟ್ಟು ತಂದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿಯ ಎತ್ತರದ ಕಟ್ಟಡ, ಊರೊಳಗೆ ನುಗ್ಗಿದ ಸಮುದ್ರದ ಖಾರಿಯಲ್ಲಿ ಓಡಾಡುವ ದೋಣಿ, ಅಂಗಡಿಗಳ ಝಗಮಗ ಎಲ್ಲವನ್ನೂ ಬೇರೆಯವರು ಬರೆಯಲಿ. ನಾನು ನೋಡಿದ್ದು ಒಂದು ತೋಟ, ಅದರೊಳಗಿನ ಹಕ್ಕಿಗಳು. ಅಷ್ಟನ್ನೇ ಬರೆಯುತ್ತೇನೆ.

ಮುಂಬಯಿ

ನಮ್ಮ ಅಕ್ಕ ಶಾಹೀದಾಳನ್ನು ನಾನು ಆಪಾ ಎಂದು ಕರೆಯುವುದು. ಮೂರನೆಯ ಹೆರಿಗೆಗೆ ಆಕೆ ದುಬೈಯಿಂದ ಊರಿಗೆ ಬರುವಂತಿರಲಿಲ್ಲ. ಡಾಕ್ಟರು ವಿಮಾನ ಹತ್ತಬೇಡ ಎಂದಿದ್ದರು. ಅಮ್ಮಿಗೆ ಮೊಣಕಾಲು ನೋವು. ಲಕ್ಷ್ಮೇಶ್ವರದ ನಮ್ಮ ಮನೆಯಿಂದ ಹೋಗಬಲ್ಲವಳು ನಾನೊಬ್ಬಳೇ. ನಾನು ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದಸರೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ಹೊರಟೆ. ಅಕ್ಕನ ಗಂಡನಿಗೆ ನಮ್ಮಲ್ಲಿ ದೂಲೇಭಾಯಿ ಅನ್ನುತ್ತೇವೆ. ನಮ್ಮ ದೂಲೇಭಾಯಿ ಖಾದರಸಾಬ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯವರು. ದುಬೈಯಲ್ಲಿ ಒಬ್ಬ ಸಿರಿವಂತನ ತೋಟ ನೋಡಿಕೊಳ್ಳುತ್ತಿದ್ದರು. ನನ್ನ ವೀಸಾ ಕಳಿಸಿದ್ದೂ ಅದೇ ಮಾಲೀಕ.

ಅಮ್ಮಿ ಬಾಳಂತಿಗೆಂದು ಅಂಟಿನುಂಡಿ ಕಟ್ಟಿಕೊಟ್ಟಿದ್ದಳು. ಮುಂಬಯಿ ವಿಮಾನ ನಿಲ್ದಾಣದಲ್ಲಿ ಒಬ್ಬ ಡಬ್ಬಿ ತೆಗೆಸಿದ. ಉಂಡಿಯ ಆಕಾರ ನೋಡಿ ಅವನಿಗೆ ಏನನ್ನಿಸಿತೋ, ಒಂದಕ್ಕೆ ಬೆರಳು ಚುಚ್ಚಿದ. ಗೋಡಂಬಿ ಸಿಕ್ಕಿತು. ಇನ್ನೊಂದಕ್ಕೆ ಚುಚ್ಚಿದ. ಉತ್ತತ್ತಿ ಸಿಕ್ಕಿತು. ಹೀಗೆ ಚುಚ್ಚುತ್ತ ಚುಚ್ಚುತ್ತ ಡಬ್ಬಿಯ ತಳ ಮುಟ್ಟಿದ. ಕೊನೆಗೆ ಬೆರಳು ನೆಕ್ಕಿಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸಿದ. ಒಡೆದ ಉಂಡಿಗಳ ಪುಡಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಸಮುದ್ರ ದಾಟಿದೆ. ಆಗ ಬಂದ ಸಿಟ್ಟು ನೆನೆದರೆ ಈಗ ನಗು ಬರುತ್ತದೆ. ಸಿಟ್ಟೆಂದರೆ ಏನೆಂದು ಆಗ ನನಗೆ ಗೊತ್ತೇ ಇರಲಿಲ್ಲ.

ತೋಟದ ಮೊದಲ ಬೆಳಗು

ಮಾಲೀಕನ ತೋಟ ಊರ ಹೊರಗಿತ್ತು. ಸುತ್ತ ಮರಳು, ನಡುವೆ ಖರ್ಜೂರದ ಸಾಲು, ಒಂದು ಬದಿಗೆ ದೊಡ್ಡ ಮನೆ, ಹಿಂದೆ ಕೆಲಸದವರ ಎರಡು ಕೋಣೆಗಳ ಮನೆ. ಆಪಾ ಇಬ್ಬರು ಮಕ್ಕಳೊಡನೆ ಇದ್ದದ್ದು ಅಲ್ಲಿ. ನಾನು ಮುಟ್ಟಿದಾಗ ಕತ್ತಲಾಗಿತ್ತು. ಉಂಡು ಮಲಗಿದೆ.

ಬೆಳಗಿನ ನಮಾಜಿನ ಹೊತ್ತಿಗೆ ಎಚ್ಚರವಾಯಿತು. ಹೊರಗೆ ಯಾರೋ ಯಾರನ್ನೋ ಕೂಗಿ ಕರೆದಂತಾಯಿತು. ಕತೀಲಾ, ಕತೀಲಾ, ಕತೀಲಾ. ಒಂದು ಕಡೆಯಿಂದ ಕೂಗಿದ್ದಕ್ಕೆ ಇನ್ನೊಂದು ಕಡೆಯಿಂದ ಉತ್ತರ. ಕೌಜುಗ! ಮುಂಡರಗಿಯಿಂದ ಶಿರಹಟ್ಟಿಯವರೆಗೆ ಜಾಲಿಕಂಟಿಯ ಪೊದೆ ಇರುವಲ್ಲೆಲ್ಲ ಬೆಳಗಾದರೆ ಕೇಳುವ ಕೂಗು. ನಾನು ಎಲ್ಲಿದ್ದೇನೆ ಎಂಬುದೇ ಮರೆತು, ಚಪ್ಪಲಿ ಕೂಡ ಹಾಕದೆ ಹೊರಗೆ ಓಡಿದೆ.

ಖರ್ಜೂರದ ಸಾಲಿನ ಹಿಂದೆ ತಂತಿ ಬಲೆಯ ಒಂದು ಮನೆ. ಅದರೊಳಗೆ ಕೌಜುಗಗಳು ಒಂದರ ಮೇಲೊಂದು ಬೀಳುತ್ತಿದ್ದವು. ಕೌಜುಗವನ್ನು ನೋಡದವರಿಗೆ ಹೇಳುತ್ತೇನೆ. ಸಣ್ಣ ಕೋಳಿಯಷ್ಟು ದೊಡ್ಡದು. ಒಣಮಣ್ಣಿನ ಬಣ್ಣ, ಮೈತುಂಬ ಸೂಜಿಯಲ್ಲಿ ಎಳೆದಂಥ ಗೆರೆ. ಕೊರಳಿನ ನಸುಹಳದಿಯ ಸುತ್ತ ತೆಳ್ಳಗಿನ ಕಪ್ಪು ದಾರ ಕಟ್ಟಿದಂತೆ ಕಾಣುತ್ತದೆ. ಗಂಡಿನ ಕಾಲಿಗೆ ಮುಳ್ಳು. ಅದು ಹಾರುವ ಹಕ್ಕಿಯಲ್ಲ, ಓಡುವ ಹಕ್ಕಿ. ಮನುಷ್ಯ ಕಾಲಿಗೆ ತೊಡರುವಷ್ಟು ಹತ್ತಿರ ಬಂದಮೇಲೆಯೇ ಭರ್ರೆಂದು ಏಳುವುದು. ಎದ್ದರೆ ನೆಟ್ಟಗೆ ಮೇಲಕ್ಕೆ.

ಆ ತಂತಿಮನೆಯಲ್ಲೂ ಅವು ನೆಟ್ಟಗೆ ಮೇಲಕ್ಕೇ ಏಳುತ್ತಿದ್ದವು. ತಲೆ ಛಾವಣಿಗೆ ಬಡಿಯುತ್ತಿತ್ತು. ಬಹಳಷ್ಟು ಹಕ್ಕಿಗಳ ನೆತ್ತಿಯ ಪುಕ್ಕ ಉದುರಿ ಚರ್ಮ ಕಿತ್ತು ರಕ್ತ ಕರೆಗಟ್ಟಿತ್ತು. ಇನ್ನು ಕೆಲವು ಹಕ್ಕಿಗಳ ಒಂದು ರೆಕ್ಕೆಯ ಪುಕ್ಕವನ್ನು ಕತ್ತರಿಯಿಂದ ಕತ್ತರಿಸಿದ್ದರು.

ದೂಲೇಭಾಯಿ ಕಾಳಿನ ಬುಟ್ಟಿ ಹಿಡಿದು ಬಂದರು. ಮುಖದಲ್ಲಿ ಹೆಮ್ಮೆ.

“ಗುರ್ತು ಸಿಕ್ತೇನ ಅಕ್ಕೋರ? ನಮ್ಮೂರ ಹಕ್ಕಿ. ವಡ್ಡಟ್ಟಿ ಗುಡ್ಡದ ಮಗ್ಗಲದ್ದು.”

ಅವರು ನನ್ನನ್ನು ಅಕ್ಕೋರ ಎಂದು ಕರೆಯುವುದು ನಾನು ಟೀಚರ್ ಆಗಿದ್ದೇನೆಂದು, ಚೇಷ್ಟೆಗೆ.

“ಇಲ್ಲಿಗೆ ಹೆಂಗ ಬಂದ್ವು ದೂಲೇಭಾಯಿ?”

“ನಮ್ಮ ಮೌಲಾ ಹಿಡೀತಾನ. ಒಂದು ಸಾಕಿದ ಕೌಜುಗ ಕಂಟ್ಯಾಗ ಇಟ್ರ ಆತು, ಅದು ಕೂಗತೈತಿ, ಜಗಳಕ್ಕ ಬಂದ ಗಂಡು ಉರಲಿನ್ಯಾಗ ಸಿಗತೈತಿ. ಗಂಡಿನ ಹಿಂದ ಹೆಣ್ಣು ಬರತೈತಿ. ಮುಂಬಯಿ ತನಕ ಬುಟ್ಟಿ, ಅಲ್ಲಿಂದ ಹಡಗ. ಅರ್ಧ ದಾರ್ಯಾಗ ಸಾಯ್ತಾವ. ಉಳದದ್ದು ಇಲ್ಲಿ ಬರತಾವ.”

ಮೌಲಾ ಅವರ ತಮ್ಮ. ನನ್ನ ಅಕ್ಕನ ಮೈದುನ. ಅವನ ಮದುವೆಯಲ್ಲಿ ನಾನು ಹಾಡು ಹೇಳಿದ್ದೆ.

“ಇಲ್ಲಿ ಯಾಕ ಬೇಕು ಇವು?”

“ಮಾಲೀಕಗ ಡೇಗಿ ಹುಚ್ಚು, ಗಿಡಗದಂಥಾ ಬ್ಯಾಟಿ ಹಕ್ಕಿ ಅದು. ಹೊಸಾ ಡೇಗಿ ಪಳಗಸಬೇಕಂದ್ರ ಜೀವಂತ ಹಕ್ಕಿ ಬೇಕಲ್ಲ. ಹಾರಿ ಕೈಬಿಟ್ಟು ಹೋಗಬಾರದಂತ ರೆಕ್ಕಿ ಕತ್ತರಿಸಿರತೀವಿ.”

ಅಷ್ಟು ಹೇಳಿ ಅವರು ಕಾಳು ಎರಚಿದರು. ಹಕ್ಕಿಗಳು ಮತ್ತೆ ಛಾವಣಿಗೆ ಬಡಿದುಕೊಂಡವು. ನಾನು ಮಾಂಸ ತಿನ್ನುವವಳೇ. ಕೊಯ್ದದ್ದನ್ನು ನೋಡಿ ಮುಖ ತಿರುಗಿಸುವವಳಲ್ಲ. ಆದರೆ ಒಂದು ಗುಡ್ಡದ ಮಗ್ಗುಲನ್ನೇ ಬುಟ್ಟಿಯಲ್ಲಿ ತುಂಬಿ, ಅರ್ಧವನ್ನು ಸಮುದ್ರಕ್ಕೆ ಎಸೆದು, ಉಳಿದರ್ಧವನ್ನು ಇನ್ನೊಂದು ಹಕ್ಕಿಯ ಆಟಕ್ಕೆ ಒಡ್ಡುವುದು! ಕೌಜುಗ ನೆಲದಲ್ಲೇ ಒಂದಿಷ್ಟು ಕೆದರಿ ಮೊಟ್ಟೆಯಿಡುವ ಹಕ್ಕಿ. ನರಿ, ನಾಯಿ, ಹಾವು, ದನದ ಕಾಲು ಎಲ್ಲದರಿಂದ ಉಳಿದು ಮರಿಯಾಗಬೇಕು. ಜೋಡಿಯನ್ನೇ ಎತ್ತಿಕೊಂಡು ಹೋದರೆ ಆ ಪೊದೆಯಲ್ಲಿ ಮುಂದಿನ ವರ್ಷ ಯಾರು ಕೂಗಬೇಕು?

ಆದರೆ ಅವರು ನನ್ನ ಅಕ್ಕನ ಗಂಡ. ನಾನು ಅವರ ಮನೆಗೆ ಬಂದವಳು. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಚಹಾ ಕಾಸಿದೆ.

ದೊಡ್ಡ ಮನೆ

ಎರಡು ದಿನ ಕಳೆದ ಮೇಲೆ ಮಾಲೀಕನ ಹೆಂಡತಿ ನನ್ನನ್ನು ಕರೆಸಿದಳು. ನನ್ನ ಅವಸ್ಥೆ ಕೇಳಬೇಡಿ. ಚಿಟಿಕೆಯಷ್ಟು ಬಟ್ಟಲಿನಲ್ಲಿ ಕಹಿ ಕಹ್ವಾ, ಅಂದರೆ ಅವರ ಕಾಫಿ, ಕೊಟ್ಟರು. ಕುಡಿದೆ. ಮತ್ತೆ ಸುರಿದರು. ಮರ್ಯಾದೆಗೆ ಕುಡಿದೆ. ಮತ್ತೆ ಸುರಿದರು. ನಮ್ಮಲ್ಲಾದರೆ ಕೈ ಅಡ್ಡ ಹಿಡಿದರೆ ಸಾಕು. ನಾನು ಕೈ ಅಡ್ಡ ಹಿಡಿದರೆ ಸುರಿಯುವವಳು ಕೈ ಸರಿಯಲಿ ಎಂದು ನಿಂತೇ ಇರುತ್ತಿದ್ದಳು. ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿದಾಗ ಮನೆಯಾಕೆ ನಕ್ಕು, ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಿ ತೋರಿಸಿದಳು. ಸಾಕು ಅನ್ನುವುದಕ್ಕೆ ಅಲ್ಲಿ ಅದೇ ಭಾಷೆ. ಒಳ್ಳೆಯ ಹೆಂಗಸು. ಆಪಾಳ ಹೆರಿಗೆಗೆ ಒಳ್ಳೆಯ ದವಾಖಾನೆ ಗೊತ್ತುಮಾಡಿದ್ದು ಅವಳೇ.

ಅವಳೇ ನನ್ನನ್ನು ಗಾಜಿನ ಕೋಣೆಗೆ ಕರೆದುಕೊಂಡು ಹೋದಳು. ಏರ್ ಕಂಡೀಷನ್ ಹಾಕಿದ, ಕುಂಡಗಳಲ್ಲಿ ಗಿಡ ತುಂಬಿದ ಕೋಣೆ. ನಡುವೆ ಒಂದು ಬೂದು ಹಕ್ಕಿ ನಿಂತಿತ್ತು. ಮೊದಲ ನೋಟಕ್ಕೆ ಏನೂ ಇಲ್ಲ, ಉದ್ದ ಬಾಲದ ಬೂದು ಕೋಳಿ ಅಷ್ಟೆ. ಅದು ಬೆಳಕಿನತ್ತ ತಿರುಗಿತು ನೋಡಿ, ನಾನು ಉಸಿರು ಹಿಡಿದೆ. ರೆಕ್ಕೆಯ ಮೇಲೆ, ಬೆನ್ನ ಮೇಲೆ, ಬಾಲದ ಗರಿಗರಿಯ ಮೇಲೆ ಕಣ್ಣು. ಹಸಿರು, ಆಮೇಲೆ ನೇರಳೆ, ಆಮೇಲೆ ನೀಲಿ. ಒಂದೊಂದು ಕಣ್ಣಿಗೂ ಬಿಳಿಯ ಅಂಚು.

ಗೋಡೆಯ ಕಪಾಟಿನಲ್ಲಿದ್ದ ದೊಡ್ಡ ಇಂಗ್ಲಿಷ್ ಪುಸ್ತಕ ತೆಗೆದು ಅದರ ಚಿತ್ರ ಹುಡುಕಿದೆ. ಪೀಕಾಕ್ ಫೆಸೆಂಟ್ ಎಂದಿತ್ತು. ಕನ್ನಡದಲ್ಲಿ ಅದಕ್ಕೆ ಹೆಸರು ಕೇಳಿಲ್ಲ. ನಾನು ನವಿಲುಕೋಳಿ ಎಂದುಕೊಂಡೆ. ನಮ್ಮ ಅಸ್ಸಾಮಿನ ಗುಡ್ಡಗಳಿಂದ ಹಿಡಿದು ಬರ್ಮಾ, ಸಯಾಮಿನವರೆಗೆ, ಬಿಸಿಲು ನೆಲ ಮುಟ್ಟದಂಥ ಕಾಡಿನಲ್ಲಿ ಇರುವ ಹಕ್ಕಿ. ಎಷ್ಟು ನಾಚಿಕೆಯದೆಂದರೆ ಆ ಕಾಡಿನವರೂ ಅದರ ದನಿ ಕೇಳುವುದೇ ಹೆಚ್ಚು, ನೋಡುವುದು ಕಡಿಮೆ. ಹೆಣ್ಣು ಇಡುವುದು ಒಂದೆರಡು ಮೊಟ್ಟೆ. ಕಾಡು ಕಡಿದರೆ ಅದಕ್ಕೆ ಓಡಿಹೋಗಲು ಬೇರೆ ಜಾಗವಿಲ್ಲ ಎಂದು ಪುಸ್ತಕದಲ್ಲೇ ಬರೆದಿತ್ತು. ಅದೇ ಪುಸ್ತಕವನ್ನು ಅಲಂಕಾರಕ್ಕೆ ಇಟ್ಟ ಮನೆಯಲ್ಲೇ ಆ ಹಕ್ಕಿ ನಿಂತಿತ್ತು.

“ಹೆಣ್ಣು ಎಲ್ಲಿ?” ಎಂದು ಕೇಳಿದೆ.

“ಬರುವಾಗಲೇ ಸತ್ತುಹೋಯಿತು,” ಎಂದಳು ಆಕೆ, ತನಗೆ ಬರುವಷ್ಟು ಹಿಂದಿಯಲ್ಲಿ.

ಆಗ ಆ ಹಕ್ಕಿ ತಟ್ಟೆಯಿಂದ ಒಂದು ಹುಳು ಎತ್ತಿಕೊಂಡಿತು. ನುಂಗಲಿಲ್ಲ. ಕೊಕ್ಕಿನ ತುದಿಯಲ್ಲಿ ಹಿಡಿದು ತಲೆ ಆಡಿಸುತ್ತ ಮೆಲ್ಲಗೆ ಕೊಕ್ ಕೊಕ್ ಎಂದಿತು. ಹುಳುವನ್ನು ನೆಲದ ಮೇಲಿಟ್ಟಿತು, ಮತ್ತೆ ಎತ್ತಿತು, ಮತ್ತೆ ಕರೆಯಿತು. ಗಂಡು ಹೆಣ್ಣನ್ನು ಕರೆಯುವ ರೀತಿ ಅದು. ತಿನ್ನಲು ಹೆಣ್ಣು ಹತ್ತಿರ ಬಂದಾಗ ಅದು ಎದೆಯನ್ನು ನೆಲಕ್ಕೆ ತಾಗಿಸಿ, ರೆಕ್ಕೆ ಬಾಲ ಎಲ್ಲವನ್ನೂ ಬೀಸಣಿಗೆಯಂತೆ ಬಿಚ್ಚಿ ಅಷ್ಟೂ ಕಣ್ಣುಗಳನ್ನು ತೋರಿಸಬೇಕು. ಅಲ್ಲಿ ಯಾರೂ ಬರಲಿಲ್ಲ. ಅದು ಕುಂಡದ ಎದುರು ಬಗ್ಗಿ ಬೀಸಣಿಗೆ ಬಿಚ್ಚಿತು. ಮನೆಯಾಕೆ ಚಪ್ಪಾಳೆ ತಟ್ಟಿದಳು. ದಿನವೂ ಹೀಗೆಯೇ ಕುಣಿಯುತ್ತದೆ ಎಂದಳು.

ಕುಣಿತವಂತೆ! ನಾನು ಪುಸ್ತಕ ಮುಚ್ಚಿ ಕಪಾಟಿಗೆ ಸೇರಿಸಿದೆ.

ಮರಳಿನ ಬಯಲು

ಆಪಾಳಿಗೆ ಹೆಣ್ಣುಮಗು ಹುಟ್ಟಿತು. ಸುಸೂತ್ರವಾಗಿ ಮನೆಗೆ ಬಂದಳು. ಮರುವಾರ ಒಂದು ಬೆಳಿಗ್ಗೆ ನಾನು ಕೂಸಿನ ಬಟ್ಟೆ ಒಣಹಾಕುತ್ತಿದ್ದೆ. ತೋಟದ ಬೇಲಿಯಾಚೆಯ ಮರಳಿನಲ್ಲಿ ಮಾಲೀಕ, ಅವನ ಇಬ್ಬರು ಗೆಳೆಯರು, ಡೇಗೆ ಪಳಗಿಸುವವನು ನಿಂತಿದ್ದರು. ದೂಲೇಭಾಯಿ ಚೀಲದಿಂದ ಒಂದೊಂದೇ ಕೌಜುಗ ತೆಗೆದು ಕೊಡುತ್ತಿದ್ದರು.

ಡೇಗೆಯ ಕಣ್ಣುಪಟ್ಟಿ ಬಿಚ್ಚುವುದು, ಕೌಜುಗವನ್ನು ಮೇಲಕ್ಕೆ ಎಸೆಯುವುದು. ಒಂದು ರೆಕ್ಕೆಯ ಹಕ್ಕಿ ಗಾಳಿಯಲ್ಲಿ ಗಿರಕಿ ಹೊಡೆದು ಬೀಳುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಡೇಗೆಯ ಮೇಲೆ ನನಗೆ ಸಿಟ್ಟಿಲ್ಲ. ಅದರ ಹೊಟ್ಟೆ, ಅದರ ಬೇಟೆ. ಆದರೆ ಬೇಟೆಯೆಂದರೆ ಓಡುವವನಿಗೂ ಕಾಲಿರಬೇಕು, ಅಡಗಲು ಒಂದು ಪೊದೆಯಾದರೂ ಇರಬೇಕು.

ಮೂರನೆಯದೋ ನಾಲ್ಕನೆಯದೋ ಹಕ್ಕಿ ಬಿದ್ದಲ್ಲಿಂದ ಎದ್ದು ಓಡಿತು. ಹಾರಲು ನೋಡಲಿಲ್ಲ, ಓಡಿತು. ಕೌಜುಗ ಓಡುವುದನ್ನು ನೋಡಬೇಕು, ಕಾಲು ಕಾಣುವುದಿಲ್ಲ. ಬೇಲಿಯ ಕೆಳಗೆ ನುಸುಳಿ ನೇರ ಬಂದು, ಒಣಹಾಕಿದ ಒದ್ದೆ ಚಾದರದ ಹಿಂದೆ ನನ್ನ ಕಾಲ ಬಳಿ ಕುಕ್ಕರಿಸಿತು. ನಾನು ಬಗ್ಗಿ ದುಪಟ್ಟಾದಲ್ಲಿ ಅದನ್ನು ಬಾಚಿಕೊಂಡೆ. ಅದರ ಎದೆ ನನ್ನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು.

ದೂಲೇಭಾಯಿ ಓಡಿ ಬಂದರು. “ಕೊಡು ಜುಬೇದಾ, ಜಲ್ದಿ. ಮಾಲೀಕ ನೋಡಾಕತ್ತಾರ.”

“ಕೊಡೂದಿಲ್ರಿ.”

“ಹುಚ್ಚಿ ಹಂಗ ಮಾಡಬ್ಯಾಡ. ನನ್ನ ನೌಕರಿ ಪ್ರಶ್ನಿ ಐತಿ.”

ಅಷ್ಟರಲ್ಲಿ ಮಾಲೀಕನೇ ಬಂದ. ಚಿಕ್ಕಂದಿನಲ್ಲಿ ಮುಂಬಯಿಯಲ್ಲಿ ಇದ್ದವನು, ಹಿಂದಿ ಚೆನ್ನಾಗಿ ಬರುತ್ತಿತ್ತು. ನನ್ನ ಕೈಯಲ್ಲಿದ್ದ ಗಂಟು ನೋಡಿ ನಕ್ಕ.

“ಇಟ್ಟುಕೋ ತಂಗಿ. ನನ್ನ ಹತ್ತಿರ ಬೇಕಾದಷ್ಟಿವೆ.”

“ನಿಮ್ಮ ಹತ್ತಿರ ಬೇಕಾದಷ್ಟಿವೆ. ನಮ್ಮ ಗುಡ್ಡದಲ್ಲಿ ಉಳಿದಿಲ್ಲ,” ಎಂದೆ. “ಅದನ್ನು ಹಿಡಿಯಲು ನಮ್ಮ ಸರಕಾರ ಯಾರಿಗೂ ಪರವಾನಗಿ ಕೊಟ್ಟಿಲ್ಲ. ನೀವು ಕೊಳ್ಳುತ್ತಿರುವುದು ಕಳವಿನ ಮಾಲು.”

ಅವನ ನಗು ಹೋಯಿತು. ಸಿಟ್ಟೂ ಮಾಡಲಿಲ್ಲ. “ನಾನು ನಿನ್ನ ಗುಡ್ಡಕ್ಕೆ ಬಂದವನಲ್ಲ,” ಎಂದ. “ನಿನ್ನ ಮನೆಯವರು ತಂದುಕೊಟ್ಟರು, ನಾನು ತೆಗೆದುಕೊಂಡೆ. ಬೈಯುವುದಾದರೆ ಮನೆಯಲ್ಲಿ ಬೈ.”

ಹೇಳಿ ಹೊರಟುಹೋದ. ಅವನ ಮಾತಿನಲ್ಲಿ ಅರ್ಧ ಸುಳ್ಳಿತ್ತು. ಕೊಳ್ಳುವವನಿಲ್ಲದೆ ಮೌಲಾ ಉರುಲು ಹಾಕುತ್ತಿರಲಿಲ್ಲ. ಆದರೆ ಉಳಿದರ್ಧ ನಿಜ. ಆ ನಿಜವೇ ನನ್ನನ್ನು ಹೆಚ್ಚು ಸುಟ್ಟಿತು. ದೂಲೇಭಾಯಿ ನನ್ನ ಮುಖ ನೋಡದೆ ಚೀಲ ಎತ್ತಿಕೊಂಡು ಹೋದರು.

ಅಡುಗೆಮನೆ

ಕೌಜುಗವನ್ನು ಒಂದು ಬುಟ್ಟಿಯ ಕೆಳಗಿಟ್ಟು ನೀರು ಕಾಳು ಇಟ್ಟೆ. ರೆಕ್ಕೆಯ ಪುಕ್ಕ ಹೊಸದಾಗಿ ಬರಲು ತಿಂಗಳುಗಳೇ ಬೇಕು. ಅಷ್ಟು ದಿನ ನಾನಿಲ್ಲಿ ಇರುವುದಿಲ್ಲ. ಬಂದರೂ ಎಲ್ಲಿ ಬಿಡುವುದು? ಏನೂ ಹೊಳೆದಿರಲಿಲ್ಲ. ಆದರೂ ಅದು ಬದುಕಿತ್ತು, ಅದೇ ಒಂದು ಸಮಾಧಾನ.

ಮರುದಿನ ದೊಡ್ಡ ಮನೆಯಾಕೆಯ ಜೊತೆ ಔಷಧಿ ತರಲು ಊರೊಳಗೆ ಹೋದೆ. ಬಂದಾಗ ಬುಟ್ಟಿ ಬೋರಲು ಬಿದ್ದಿರಲಿಲ್ಲ, ಗೋಡೆಗೆ ಒರಗಿತ್ತು. ಆಪಾ ಹಾಸಿಗೆಯ ಮೇಲೆ ಕುಳಿತು ಬಟ್ಟಲಿನಿಂದ ಸೂಪು ಕುಡಿಯುತ್ತಿದ್ದಳು. ಮೆಣಸು, ಬೆಳ್ಳುಳ್ಳಿಯ ವಾಸನೆ ಮನೆತುಂಬ.

“ಏನದು ಆಪಾ?”

ಒಲೆಯ ಮುಂದೆ ನಿಂತಿದ್ದ ದೂಲೇಭಾಯಿಯೇ ಹೇಳಿದರು. “ಬಾಳಂತಿಗೆ ಕೌಜುಗದ ಸೂಪಿನಂಥಾದ್ದು ಬ್ಯಾರೆ ಇಲ್ಲ. ನಮ್ಮವ್ವ ಹಂಗ ಹೇಳತಿದ್ಲು. ಹೆಂಗೂ ರೆಕ್ಕಿ ಕತ್ತರಿಸಿದ್ದು, ಬಿಟ್ರ ಬೆಕ್ಕಿನ ಪಾಲು.”

“ನಾ ಇಟಗೊಂಡಿದ್ದೆ ಅದನ್ನ. ನನಗೊಂದು ಮಾತು ಕೇಳಬೇಕಂತ ಅನಸಲಿಲ್ಲೇನ್ರಿ?”

“ಹಕ್ಕಿ ಕೊಯ್ಯಾಕ ಪರವಾನಗಿ ಕೇಳಬೇಕೇನ ಅಕ್ಕೋರ?” ಎಂದರು. ಚೇಷ್ಟೆಯಿರಲಿಲ್ಲ ಈ ಸಲ. ನಿನ್ನೆಯ ಮಾತನ್ನು ನನಗೇ ತಿರುಗಿಸಿದ್ದರು.

ಆಮೇಲೆ ನಾನು ಏನೇನು ಅಂದೆನೋ. ನಾಚಿಕೆಯಿಲ್ಲದ ಜನ ಅಂದೆ. ಊರನ್ನು ಮಾರಿಕೊಂಡು ತಿನ್ನುವವರು ಅಂದೆ. ಅಂಥ ಮಾತನ್ನು ಅಕ್ಕನ ಗಂಡನಿಗೆ ಅಂದವರು ನಮ್ಮ ಮನೆತನದಲ್ಲಿ ಇರಲಿಲ್ಲ. ಕೂಸು ಬೆಚ್ಚಿ ಅಳತೊಡಗಿತು. ಆಪಾ ಬಟ್ಟಲು ಕೆಳಗಿಟ್ಟಳು.

“ನನ್ನ ಮನ್ಯಾಗ ಒದರಬ್ಯಾಡ ಜುಬೇದಾ. ಆ ಹಕ್ಕಿ ಇರಲಿಲ್ಲಂದ್ರ ಇವರಿಗೆ ಈ ನೌಕರಿ ಸಿಗತಿದ್ದಿಲ್ಲ. ನೌಕರಿ ಇರಲಿಲ್ಲಂದ್ರ ಈ ಕೂಸಿಗೆ ಅಂಥಾ ದವಾಖಾನಿ ಸಿಗತಿದ್ದಿಲ್ಲ. ನೀ ಬಂದಿಯಲ್ಲ, ನಿನ್ನ ವೀಸಾನೂ ಅದ ಹಕ್ಕೀದು.”

“ಹಂಗಾದ್ರ ನಾ ಬರಬಾರದಿತ್ತು.”

“ಹೌದು, ಬರಬಾರದಿತ್ತು,” ಎಂದಳು ಆಪಾ. ಎಂದವಳೇ ಬಟ್ಟಲು ಎತ್ತಿಕೊಂಡು, ನನ್ನನ್ನೇ ನೋಡುತ್ತ, ಉಳಿದ ಸೂಪನ್ನು ಕುಡಿದು ಮುಗಿಸಿದಳು.

ಉಳಿದ ದಿನಗಳಲ್ಲಿ ಕೂಸಿಗೆ ನೀರೆರೆದೆ, ಬಟ್ಟೆ ಒಗೆದೆ, ಅಡುಗೆ ಮಾಡಿದೆ. ಬೇಕಾದಷ್ಟೇ ಮಾತು. ಬೆಳಿಗ್ಗೆ ತಂತಿಮನೆಯಿಂದ ಕೂಗು ಬಂದರೆ ಕಿವಿಗೆ ದಿಂಬು ಒತ್ತಿಕೊಳ್ಳುತ್ತಿದ್ದೆ. ಹೊರಡುವ ದಿನ ಆಪಾ ನನ್ನ ಪೆಟ್ಟಿಗೆಯಲ್ಲಿ ಅಮ್ಮಿಗೆಂದು ಒಂದು ಶಾಲು ಇಟ್ಟಳು. ನನಗೆಂದು ಏನೂ ಇಡಲಿಲ್ಲ. ನಾನೂ ಕೇಳಲಿಲ್ಲ.

ಗದಗ

ಊರಿಗೆ ಬಂದು ಸುಮ್ಮನೆ ಕೂರಲಿಲ್ಲ. ಸಂಬಂಧಪಟ್ಟ ಕಚೇರಿಯೊಂದಕ್ಕೆ ಹೋದೆ. ಮೇಜಿನ ಹಿಂದಿದ್ದ ಮನುಷ್ಯ ಪೂರ್ತಿ ಕೇಳಿ, ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

“ಹುಲಿ ಹೊಡದಾರೇನ್ರಿ ಬಾಯಾರ?”

“ಇಲ್ಲ. ಕೌಜುಗ ಹಿಡದಾರ.”

“ಕೌಜುಗಕ್ಕ ಯಾರು ಕೇಸ್ ಹಾಕತಾರ್ರಿ? ಬರೂ ಐತವಾರ ನಮ್ಮ ಮನ್ಯಾಗೂ ಅದರದ ಊಟ.” ಪಕ್ಕದ ಮೇಜಿನವನೂ ನಕ್ಕ.

ಮುಂಡರಗಿ ಬಸ್ಸು ಹಿಡಿದು ಹಿರೇವಡ್ಡಟ್ಟಿಗೆ ಹೋಗಿ ಮೌಲಾನಿಗೇ ಹೇಳಿದೆ. ಅವನು ಅತ್ತಿಗೆಯ ತಂಗಿಯೆಂದು ಕುಂಡ್ರಿಸಿ ಚಹಾ ಕೊಟ್ಟು, “ಆತ್ರಿ, ಬಿಡತೀನಿ,” ಎಂದ. ಬಿಡುವವನ ಮುಖ ಅದಾಗಿರಲಿಲ್ಲ. ನಾನು ಅಲ್ಲಿಂದ ಹೊರಡುತ್ತಲೇ ಸುದ್ದಿ ದುಬೈ ಮುಟ್ಟಿತು. ಅಮ್ಮಿ ಮಗಳ ಮನೆ ಮುರಿಯುತ್ತೀಯಾ ಎಂದು ನನ್ನ ಮೇಲೆ ಹರಿಹಾಯ್ದಳು. ನಾನು ಶಾಲೆಯಲ್ಲಿ ಪಾಠ ಮಾಡಿದೆ. ಹಳ್ಳಿಯಿಂದ ಬರುವ ಹುಡುಗಿಯರಿಗೆ ನಿಮ್ಮ ಹೊಲದ ಬದುವಿನಲ್ಲಿ ಮೊಟ್ಟೆ ಕಂಡರೆ ಮುಟ್ಟಬೇಡಿ, ಮನೆಯವರಿಗೆ ಹೇಳಿ ಎಂದೆ. ಅಷ್ಟೇ ನನ್ನಿಂದಾದದ್ದು. ಅದು ಸಾಲದು ಎಂಬುದು ನನಗೆ ಗೊತ್ತಿತ್ತು.

ಹಿರೇವಡ್ಡಟ್ಟಿ

ಎರಡು ವರ್ಷದ ಮೇಲೆ ದೂಲೇಭಾಯಿ, ಆಪಾ, ಮಕ್ಕಳು ರಜೆಗೆ ಬಂದರು. ಹೆಣ್ಣುಕೂಸು ಓಡಾಡುತ್ತಿತ್ತು. ಅಮ್ಮಿಯ ಹಟಕ್ಕೆ ನಾನೂ ಹಿರೇವಡ್ಡಟ್ಟಿಗೆ ಹೋಗಬೇಕಾಯಿತು. ಆಪಾ ನನ್ನನ್ನು ನೋಡಿ ಒಂದು ಗಳಿಗೆ ನಿಂತು, ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟಳು.

ದೂಲೇಭಾಯಿ ಒಂದು ಕಾಗದದ ಸುರುಳಿ ತಂದು ನನ್ನ ಮುಂದಿಟ್ಟರು. ಬಿಚ್ಚಿದೆ. ಬೂದು ಗರಿಗಳು, ಒಂದೊಂದರ ಮೇಲೂ ಹಸಿರು ನೇರಳೆ ಕಣ್ಣು. ಗಾಜಿನ ಕೋಣೆಯ ಏರ್ ಕಂಡೀಷನ್ ಬೇಸಗೆಯಲ್ಲಿ ಕೆಟ್ಟುಹೋಗಿತ್ತಂತೆ. ಬೆಳಿಗ್ಗೆ ನೋಡುವಷ್ಟರಲ್ಲಿ ಹಕ್ಕಿ ಸತ್ತಿತ್ತಂತೆ.

“ನಿನಗ ಹಕ್ಕಿ ಅಂದ್ರ ಜೀವ ಅಲ್ಲೇನ? ಅದಕ ತಂದೆ,” ಎಂದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಖರೆ ಪ್ರೀತಿಯಿಂದಲೇ ತಂದಿದ್ದರು. ಅದೇ ನನಗೆ ತಡೆಯಲಾಗದ್ದು. ಸುರುಳಿಯನ್ನು ಮತ್ತೆ ಸುತ್ತಿ ಅವರ ಮುಂದೆಯೇ ಇಟ್ಟೆ.

ಮರುದಿನ ಬೆಳಗಿನ ಜಾವ ಅವರೂ ಮೌಲಾನೂ ಗುಡ್ಡದ ಮಗ್ಗುಲಿಗೆ ಹೊರಟರು. ನಾನೂ ಹಿಂದೆ ನಡೆದೆ, ಯಾರೂ ಬೇಡವೆನ್ನಲಿಲ್ಲ. ಮೌಲಾ ಸಾಕಿದ ಹಕ್ಕಿಯ ಪಂಜರವನ್ನು ಕಂಟಿಯಲ್ಲಿಟ್ಟು ಸುತ್ತ ಉರುಲು ಹರಡಿದ. ಹಕ್ಕಿ ಕೂಗಿತು. ಉತ್ತರವಿಲ್ಲ. ಇನ್ನೊಂದು ಕಂಟಿಗೆ ಒಯ್ದರು. ಕೂಗಿತು. ಉತ್ತರವಿಲ್ಲ. ಬಿಸಿಲೇರಿ, ಗುಡ್ಡದ ಆ ಮಗ್ಗುಲೆಲ್ಲ ತಿರುಗಿದರೂ ಆ ಒಂದೇ ಹಕ್ಕಿಯ ದನಿ.

ಮೌಲಾ ಉರುಲು ಸುತ್ತಿಕೊಂಡು ಕೆಳಗಿಳಿದ. ದೂಲೇಭಾಯಿ ಬಂಡೆಯ ಮೇಲೆ ಕುಳಿತು ಮುಖ ಒರೆಸಿಕೊಂಡರು.

“ಮಾಲೀಕಗ ಮಾತು ಕೊಟ್ಟ ಬಂದೀನಿ,” ಎಂದರು. ಆಮೇಲೆ ನನ್ನತ್ತ ತಿರುಗಿ, ಬಹಳ ಮೆತ್ತಗೆ, “ಜುಬೇದಾ, ನೀ ಊರೂರು ಅಡ್ಡಾಡತಿ. ನಿನ್ನ ಹುಡಿಗ್ಯಾರು ನಿನಗ ಹೇಳತಿರತಾರ. ಇನ್ನ ಎಲ್ಲಿ ಅದಾವ?”

ಹಿಂದಿನ ವಾರವೇ ಶಿರಹಟ್ಟಿ ಹಾದಿಯ ಒಂದು ಹಾಳುಬಾವಿಯ ಕಂಟಿಯಲ್ಲಿ ನಾನು ಒಂದು ಜೋಡಿಯನ್ನು ನೋಡಿದ್ದೆ. ಅವುಗಳ ಹಿಂದೆ ಮರಿಗಳು ಸಾಲಾಗಿ ಓಡುತ್ತಿದ್ದವು.

ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ.

“ಎಲ್ಲೂ ಇಲ್ರಿ ದೂಲೇಭಾಯಿ.”